ಹಳ್ಳ ಬತ್ತುವುದು ಸ್ವಾತಿಯಲ್ಲಿ

ಹಳ್ಳ ಯಾವಾಗ ಬತ್ತಿತು ಎಂದು ಶಿರಸಿ ಕಡೆ ಯಾರನ್ನೇ ಕೇಳಿ, ‘ಶಿವರಾತ್ರಿ ಕಳೆದ ಮೇಲೆ’, ‘ಯುಗಾದಿ ಹೊತ್ತಿಗೆ’ ಎಂಬ ಉತ್ತರ ಬರುತ್ತದೆ. ಕಣ್ಣಿಗೆ ಕಾಣುವುದು ಆಗಲೇ, ನಿಜ. ಆದರೆ ಹಳ್ಳದ ಬೇಸಿಗೆ ಲೆಕ್ಕ ತೀರ್ಮಾನವಾಗುವುದು ಸ್ವಾತಿ ಮಳೆ (ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರ) ಕಳೆದ ಮೂರ್ನಾಲ್ಕು ವಾರಗಳಲ್ಲಿ. ಅಷ್ಟರೊಳಗೆ ಹಳ್ಳಕ್ಕೆ ಅಡ್ಡವಾಗಿ ಒಡ್ಡು ಕಟ್ಟಿದೆಯೋ ಇಲ್ಲವೋ, ಮೇಲಿನ ಬೆಟ್ಟದಲ್ಲಿ ದರಕು (ಉದುರಿದ ಒಣ ಎಲೆ) ಉಳಿದಿದೆಯೋ ಇಲ್ಲವೋ, ಇವೆರಡೇ ಪ್ರಶ್ನೆ. ಮಾರ್ಚ್ ತಿಂಗಳಲ್ಲಿ ಪಂಪು ಹಿಡಿದು ಓಡಾಡುವವರು ನವೆಂಬರ್‌ನಲ್ಲಿ ಸುಮ್ಮನಿದ್ದವರು.

ಇದು ಕಾಳಿ, ಶರಾವತಿಯಂಥ ದೊಡ್ಡ ನದಿಗಳ ಮಾತಲ್ಲ. ಎರಡು ಗುಡ್ಡಗಳ ಸಂದಿನಲ್ಲಿ ಹುಟ್ಟಿ, ನಾಲ್ಕಾರು ಅಡಿಕೆ ತೋಟ, ಒಂದೆರಡು ಗದ್ದೆ ಬಯಲು ದಾಟಿ, ಯಾವುದೋ ಹೊಳೆಗೆ ಸೇರುವ ಹಳ್ಳಗಳ ಮಾತು. ಹೆಚ್ಚಿನವಕ್ಕೆ ನಕ್ಷೆಯಲ್ಲಿ ಹೆಸರೇ ಇಲ್ಲ. ಊರವರು ಕೇರಿಯ ಹೆಸರಲ್ಲೋ ದಂಡೆಯ ಮರದ ಹೆಸರಲ್ಲೋ ಕರೆಯುತ್ತಾರೆ. ಶಿರಸಿಗೆ ವರ್ಷಕ್ಕೆ ಸುಮಾರು 2500 ಮಿ.ಮೀ. ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗಿಯುತ್ತದೆ. ಹಾಗಾಗಿ ಆಷಾಢದಲ್ಲಿ ದಾಟಲಾಗದ ಹಳ್ಳ ಚೈತ್ರದ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಮಡುವಾಗಿ ಉಳಿಯುತ್ತದೆ.

ಶಿರಸಿ ತಾಲ್ಲೂಕಿನ ಇನ್ನೊಂದು ಸ್ವಾರಸ್ಯ, ಇಲ್ಲಿ ನೀರು ಎರಡು ಸಮುದ್ರಕ್ಕೆ ಹಂಚಿಹೋಗುತ್ತದೆ. ಬನವಾಸಿ ಕಡೆಯ ಹಳ್ಳಗಳು ವರದೆಗೆ ಸೇರಿ, ತುಂಗಭದ್ರೆಯ ಮೂಲಕ ಬಂಗಾಳ ಕೊಲ್ಲಿಗೆ. ಪಶ್ಚಿಮದ ಹಳ್ಳಗಳು ಅಘನಾಶಿನಿಗೋ ಶಾಲ್ಮಲೆಗೋ ಸೇರಿ ಅರಬ್ಬಿ ಸಮುದ್ರಕ್ಕೆ. ಶಾಲ್ಮಲೆ ಸೇರುವುದು ಬೇಡ್ತಿಯನ್ನು. ಅದೇ ಬೇಡ್ತಿ ಘಟ್ಟ ಇಳಿದ ಮೇಲೆ ಗಂಗಾವಳಿ. ಅಘನಾಶಿನಿ ಹುಟ್ಟುವುದು ಶಿರಸಿ ಪೇಟೆಯೊಳಗಿನ ಶಂಕರಹೊಂಡದಲ್ಲಿ ಎಂಬುದು ಊರಿನ ನಂಬಿಕೆ. ಮಂಜುಗುಣಿ ಕಡೆಯಿಂದ ಬರುವ ಇನ್ನೊಂದು ಹೊಳೆಯೂ ಅದನ್ನು ಕೂಡಿಕೊಳ್ಳುತ್ತದೆ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುವ ಆ ನೀರು ಹೀಗೆ ಹೆಸರಿಲ್ಲದ ನೂರಾರು ಹಳ್ಳಗಳದೇ.

ಹರಿವು ಎಷ್ಟಿದೆ ಎಂದು ಮೊದಲು ಅಳೆಯಿರಿ

ಒಡ್ಡು ಹಾಕುವ ಮೊದಲು ಹರಿವನ್ನು ಅಳೆಯುವುದು ಒಳ್ಳೆಯದು. ಯಂತ್ರವೇನೂ ಬೇಡ. ಹಳ್ಳ ನೇರವಾಗಿ, ಒಂದೇ ಅಗಲದಲ್ಲಿ ಹರಿಯುವ 20 ಅಡಿ ಜಾಗ ನೋಡಿ ಎರಡೂ ತುದಿಗೆ ಗೂಟ ಹುಗಿಯಿರಿ. ಮೇಲಿನ ಗೂಟದ ಹತ್ತಿರ ಒಣ ಅಡಿಕೆ ಸಿಪ್ಪೆಯ ಚೂರು ಬಿಟ್ಟು ಕೆಳಗಿನ ಗೂಟಕ್ಕೆ ಎಷ್ಟು ಸೆಕೆಂಡಿಗೆ ಬರುತ್ತದೆ ನೋಡಿ. ನಾಲ್ಕೈದು ಸಲ ಬಿಟ್ಟು ಸರಾಸರಿ ತೆಗೆಯಿರಿ. ನೀರಿನ ಅಗಲ 4 ಅಡಿ, ಆಳ ಅರ್ಧ ಅಡಿ, ಸಿಪ್ಪೆ 25 ಸೆಕೆಂಡಿಗೆ ಬಂತು ಎಂದಿಟ್ಟುಕೊಳ್ಳಿ. ವೇಗ ಸೆಕೆಂಡಿಗೆ 0.8 ಅಡಿ. ತಳದ ನೀರು ಮೇಲಿನದಕ್ಕಿಂತ ನಿಧಾನ ಹರಿಯುವುದರಿಂದ ಅದನ್ನು ಮತ್ತೆ 0.8ರಿಂದ ಗುಣಿಸಬೇಕು. 4 × 0.5 × 0.64, ಅಂದರೆ ಸೆಕೆಂಡಿಗೆ 1.28 ಘನ ಅಡಿ, ಸುಮಾರು 36 ಲೀಟರ್. ಡಿಸೆಂಬರ್ ಮೊದಲ ವಾರದಲ್ಲಿ ಒಮ್ಮೆ, ಜನವರಿ ಕೊನೆಗೆ ಒಮ್ಮೆ, ಅದೇ ಗೂಟಗಳ ನಡುವೆ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಮೂರು ವರ್ಷದಲ್ಲಿ ಹಳ್ಳದ ಜಾತಕ ಸಿಕ್ಕಂತೆ.

ಹರಿವು ತೀರಾ ಸಣ್ಣದಾದ ಮೇಲೆ ಈ ವಿಧಾನ ನಡೆಯುವುದಿಲ್ಲ. ಆಗ ಸಣ್ಣ ಮಣ್ಣಿನ ತಡೆ ಹಾಕಿ, ಒಂದು ಪೈಪಿನಲ್ಲಿ ನೀರೆಲ್ಲ ಬರುವಂತೆ ಮಾಡಿ, 20 ಲೀಟರಿನ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡುವುದು. ಸೆಕೆಂಡಿಗೆ ಬರೇ 1 ಲೀಟರ್ ಬಂದರೂ ಸಣ್ಣದೆನ್ನಬೇಡಿ. ದಿನಕ್ಕೆ ಅದು 86,400 ಲೀಟರ್. 9 ಅಡಿಗೊಂದು ಸಸಿಯ ಲೆಕ್ಕದಲ್ಲಿ ಎಕರೆಗೆ ಸುಮಾರು 540 ಅಡಿಕೆ ಮರ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 18 ಲೀಟರ್ ಹಿಡಿದರೆ ಎಕರೆಗೆ ಹತ್ತಿರ ಹತ್ತಿರ ಹತ್ತು ಸಾವಿರ ಲೀಟರ್. ಅಂದರೆ ಹೆಬ್ಬೆರಳ ಗಾತ್ರದ ಆ ಧಾರೆ ಎಂಟು ಎಕರೆ ತೋಟವನ್ನು ಬೇಸಿಗೆ ದಾಟಿಸುತ್ತದೆ.

ಈಗ ಇದನ್ನು ಒಡ್ಡಿನ ಹಿಂದೆ ನಿಲ್ಲುವ ನೀರಿನ ಜೊತೆ ಹೋಲಿಸಿ. 15 ಅಡಿ ಅಗಲದ ಹಳ್ಳಕ್ಕೆ 3 ಅಡಿ ಎತ್ತರದ ಒಡ್ಡು. ಹಳ್ಳದ ಇಳಿಜಾರು 50 ಅಡಿಗೆ 1 ಅಡಿಯಾದರೆ ನೀರು ಹಿಂದಕ್ಕೆ 150 ಅಡಿ ನಿಲ್ಲುತ್ತದೆ. ಒಡ್ಡಿನ ಬುಡದಲ್ಲಿ 3 ಅಡಿ, ಹಿಂದಿನ ತುದಿಯಲ್ಲಿ ಸೊನ್ನೆ, ಆದ್ದರಿಂದ ಅರ್ಧ ಹಿಡಿಯಬೇಕು. 3375 ಘನ ಅಡಿ, ಸುಮಾರು 95 ಸಾವಿರ ಲೀಟರ್. ಒಂದು ಎಕರೆಗೆ ಒಂಬತ್ತು ದಿನದ ನೀರು, ಅಷ್ಟೇ! ನೀರು ‘ಸಂಗ್ರಹಿಸಲು’ ಒಡ್ಡು ಹಾಕುತ್ತೇವೆ ಎನ್ನುವವರ ಲೆಕ್ಕ ತಪ್ಪುವುದು ಇಲ್ಲೇ. ಒಡ್ಡಿನ ನಿಜವಾದ ಕೆಲಸ ನೀರನ್ನು ಎತ್ತರಿಸಿ ಎರಡೂ ದಂಡೆಯ ಮಣ್ಣಿಗೆ ಕುಡಿಸುವುದು. ದಂಡೆ ಕುಡಿದ ನೀರು ಬಾವಿಗೆ ಬರುತ್ತದೆ, ಕೆಳಗಿನ ಹಳ್ಳಕ್ಕೆ ತಿಂಗಳುಗಟ್ಟಲೆ ಜಿನುಗುತ್ತದೆ. ಅದಕ್ಕಾಗಿಯೇ ಹರಿವು ಚೆನ್ನಾಗಿರುವಾಗಲೇ ಒಡ್ಡು ಕಟ್ಟಬೇಕು. ನೂಲಿನಷ್ಟು ಹರಿಯುವಾಗ ಕಟ್ಟಿದ ಒಡ್ಡು ತುಂಬುವುದರೊಳಗೆ ಬಿಸಿಲಿಗೆ ಆರಿರುತ್ತದೆ.

ಒಡ್ಡಿನ ದಿನ

ಚಿತ್ತೆ ಮಳೆ ಅಕ್ಟೋಬರ್ 10ರ ಸುಮಾರಿಗೆ, ಸ್ವಾತಿ 24ರ ಸುಮಾರಿಗೆ ಹುಟ್ಟುತ್ತವೆ. ಈ ಎರಡು ಮಳೆ ಗುಡುಗಿನ ಮಳೆ. ಸಂಜೆ ಒಂದು ತಾಸು ಸುರಿದರೂ ಹಳ್ಳ ಕೆಂಪಾಗಿ ಉಕ್ಕುತ್ತದೆ. ಅವು ಮುಗಿಯುವ ಮೊದಲು ಕಟ್ಟಿದರೆ ಕಟ್ಟಿದ್ದೆಲ್ಲ ಹೊಳೆಪಾಲು. ತುಳಸಿ ಮದುವೆ ಕಳೆಯಲಿ ಎಂದು ಹಳಬರು ಹೇಳುತ್ತಿದ್ದುದರ ಹಿಂದೆ ಈ ಲೆಕ್ಕವಿದೆ. ಸಾಧಾರಣವಾಗಿ ನವೆಂಬರ್ ಕೊನೆಯ ವಾರದಿಂದ ಡಿಸೆಂಬರ್ 15ರೊಳಗೆ, ನೀರು ಮೊಣಕಾಲಿನಿಂದ ಮೀನಖಂಡಕ್ಕೆ ಇಳಿದಾಗ, ಸರಿಯಾದ ಹೊತ್ತು. ಕಷ್ಟವೇನೆಂದರೆ ಆಗ ಗದ್ದೆ ಕೊಯ್ಲು, ಅಡಿಕೆ ಕೊನೆ ಕೊಯ್ಲು ಎರಡೂ ಶುರುವಾಗಿ ಆಳು ಸಿಗುವುದಿಲ್ಲ. ‘ಅಡಿಕೆ ಸುಲಿದು ಮುಗಿಯಲಿ’ ಎಂದು ಮುಂದೂಡಿದರೆ ಜನವರಿ ಅರ್ಧ ಹೋಗುತ್ತದೆ. ಮೊದಲು ಮುಯ್ಯಾಳಿನಲ್ಲಿ ಈ ಕೆಲಸ ನಡೆಯುತ್ತಿತ್ತು. ಹಳ್ಳದ ನೀರು ಕುಡಿಯುವ ಎಲ್ಲ ಮನೆಯಿಂದ ಒಬ್ಬೊಬ್ಬರು, ಒಂದೇ ದಿನ. ಎಂಟು ಜನ ಬಂದರೆ ಮೇಲಿನ ಅಳತೆಯ ಒಡ್ಡು ಸಂಜೆಯೊಳಗೆ ಏಳುತ್ತದೆ.

ಜಾಗದ ಆಯ್ಕೆಯಲ್ಲಿ ಮೂರು ಗುಣ ನೋಡಬೇಕು. ಹಳ್ಳ ಅಲ್ಲಿ ಕಿರಿದಾಗಿರಬೇಕು, ತಳದಲ್ಲಿ ಹಾಸುಬಂಡೆಯೋ ಗಟ್ಟಿ ಚಿರೆಮಣ್ಣೋ ಇರಬೇಕು, ಎರಡೂ ದಂಡೆ ಒಡ್ಡಿನ ಎತ್ತರಕ್ಕಿಂತ ಕನಿಷ್ಠ ಎರಡಡಿ ಮೇಲಿರಬೇಕು. ತಿರುವಿನಲ್ಲಿ ಬೇಡ, ಹೊರ ಬದಿಯ ದಂಡೆಯನ್ನು ನೀರು ಕೊರೆಯುತ್ತದೆ. ದಂಡೆಯಲ್ಲಿ ದೊಡ್ಡ ಹೊಳೆಮತ್ತಿಯಿದ್ದರೆ ಒಡ್ಡನ್ನು ಅದರ ಬೇರಿಗೆ ಆನಿಸುವ ಆಸೆ ಹುಟ್ಟುತ್ತದೆ. ಬೇರಿನ ಸಂದಿನಲ್ಲಿ ನೀರು ದಾರಿ ಮಾಡಿಕೊಳ್ಳುವುದನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ, ನಾಲ್ಕಡಿ ದೂರ ಸರಿಯುವುದೇ ಲೇಸು.

ಹಳೇ ಕ್ರಮದ ಒಡ್ಡಿಗೆ ಎರಡು ಕಲ್ಲಿನ ಸಾಲು, ನಡುವೆ ಜೇಡಿಮಣ್ಣು. ಮೊದಲ ಕೆಲಸ ತಳ ಬಿಡಿಸುವುದು. ಮರಳು, ಕೊಳೆತ ಎಲೆ, ಸಡಿಲ ಗುಂಡುಕಲ್ಲು ಎಲ್ಲವನ್ನೂ ಬಂಡೆ ಸಿಗುವವರೆಗೆ ಎತ್ತಬೇಕು. ಹತ್ತರಲ್ಲಿ ಎಂಟು ಒಡ್ಡು ಸೋರುವುದು ಇಲ್ಲಿ ಸೋಮಾರಿತನ ಮಾಡಿದ್ದಕ್ಕೆ. ಮೇಲೆ ಎಷ್ಟೇ ಚಂದ ಕಟ್ಟಿದರೂ ತಳದಲ್ಲಿ ಮೂರಿಂಚು ಮರಳು ಉಳಿದಿದ್ದರೆ ನೀರು ಅದರೊಳಗೇ ಹಾದು ಹೋಗುತ್ತದೆ. ಎರಡೂ ದಂಡೆಗೆ ಎರಡಡಿ ಒಳಗೆ ಕಡಿದು ಒಡ್ಡಿನ ತುದಿಯನ್ನು ಅದರೊಳಗೆ ಕೂರಿಸಬೇಕು. ಆಮೇಲೆ ಒಂದೂವರೆ ಅಡಿ ದಪ್ಪದ ಎರಡು ಕಲ್ಲಿನ ಸಾಲು, ನಡುವೆ ಒಂದೂವರೆ ಅಡಿ ಜಾಗ. ಸಾಲು ಅರ್ಧ ಅಡಿ ಏರಿದ ಹಾಗೆ ಮಣ್ಣೂ ಅರ್ಧ ಅಡಿ ಏರಬೇಕು, ಪ್ರತಿ ಪದರವನ್ನೂ ಕಾಲಲ್ಲಿ ತುಳಿದು ಮರದ ದಿಮ್ಮಿಯಲ್ಲಿ ಬಡಿಯಬೇಕು. ಕಲ್ಲು ಪೂರ್ತಿ ಕಟ್ಟಿ ಆಮೇಲೆ ಮೇಲಿಂದ ಮಣ್ಣು ಸುರಿದರೆ ಒಳಗೆ ಪೊಳ್ಳು ಉಳಿಯುತ್ತದೆ.

ಮಣ್ಣು ಎಷ್ಟು? 15 ಅಡಿ ಉದ್ದ, 3 ಅಡಿ ಎತ್ತರ, ಒಂದೂವರೆ ಅಡಿ ದಪ್ಪಕ್ಕೆ 67 ಘನ ಅಡಿ. ಬಡಿದಾಗ ಕುಗ್ಗುವುದರಿಂದ ಸಡಿಲ ಮಣ್ಣು 90 ಘನ ಅಡಿ ಬೇಕು. ಬುಟ್ಟಿಗೆ ಮುಕ್ಕಾಲು ಘನ ಅಡಿ ಹಿಡಿದರೆ 120 ಬುಟ್ಟಿ. ಹುತ್ತದ ಮಣ್ಣು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ (ನಾಗರ ಬನದ ಹುತ್ತಕ್ಕೆ ಕೈ ಹಾಕುವವರು ನಮ್ಮಲ್ಲಿ ಯಾರೂ ಇಲ್ಲ, ಗೇರು ಗುಡ್ಡೆಯದು ನೋಡಿ). ಹದ ನೋಡುವುದು ಹೀಗೆ: ಮುಷ್ಟಿ ಮಣ್ಣನ್ನು ಬೆರಳು ಗಾತ್ರಕ್ಕೆ ಹೊಸೆದು ಬಗ್ಗಿಸಿ. ಬಿರಿದರೆ ನೀರು ಸಾಲದು, ಅಂಗೈಗೆ ಮೆತ್ತಿಕೊಂಡರೆ ಹೆಚ್ಚಾಯಿತು. ತೋಟದ ಕರಿ ಮಣ್ಣನ್ನು ಹಾಕಬಾರದು. ಅದರಲ್ಲಿರುವ ಸೊಪ್ಪಿನ ಅಂಶ ಕೊಳೆತು ತೂತಾಗುತ್ತದೆ.

ಈಗ ಹೆಚ್ಚಿನವರು ಸಿಮೆಂಟು, ಗೊಬ್ಬರದ ಖಾಲಿ ಚೀಲಕ್ಕೆ ಮೊರೆ ಹೋಗಿದ್ದಾರೆ. ತಪ್ಪೇನಿಲ್ಲ, ಬೇಗ ಆಗುತ್ತದೆ. ಚೀಲವನ್ನು ಮೂರರಲ್ಲಿ ಎರಡು ಪಾಲು ಮಾತ್ರ ತುಂಬಬೇಕು. ಬಿಗಿಯಾಗಿ ತುಂಬಿದ ಚೀಲ ಉರುಟಾಗಿ ನಿಂತು ನಡುವೆ ಸಂದು ಬಿಡುತ್ತದೆ, ಸಡಿಲ ಚೀಲ ಚಪ್ಪಟೆಯಾಗಿ ಒಂದರ ಮೇಲೊಂದು ಕೂರುತ್ತದೆ. ಹಾಗೆ ತುಂಬಿದ ಚೀಲ ಒಂದೂಕಾಲು ಘನ ಅಡಿ ಜಾಗ ಹಿಡಿಯುತ್ತದೆ. ಬುಡದಲ್ಲಿ 4 ಅಡಿ, ತಲೆಯಲ್ಲಿ 2 ಅಡಿ ಅಗಲ ಇಟ್ಟರೆ ಮೇಲಿನ ಅಳತೆಗೆ 110 ಚೀಲ ಬೇಕು, ಒಡೆಯುವುದಕ್ಕೆಂದು ಇನ್ನೊಂದು ಹತ್ತು ಇರಲಿ. ಹಳ್ಳದ ಮರಳನ್ನೇ ತುಂಬುವ ಚಾಳಿ ಬಿಡಬೇಕು. ಮರಳಿನ ಚೀಲ ಭಾರವನ್ನು ತಡೆಯುತ್ತದೆ, ನೀರನ್ನಲ್ಲ. ಮೇಲ್ಬದಿಗೆ ತಾಡಪತ್ರಿ ಹಾಸುವುದಾದರೆ ಅದರ ಕೆಳ ಅಂಚನ್ನು ತಳದಲ್ಲಿ ಒಂದಡಿ ಮುಂದಕ್ಕೆ ಚಾಚಿ ಮಣ್ಣಿನಲ್ಲಿ ಹೂಳಬೇಕು. ಬಿಸಿಲಿಗೆ ಚೀಲ ಪುಡಿಯಾಗುತ್ತದೆ. ಎರಡನೇ ವರ್ಷಕ್ಕೆ ಅದನ್ನೇ ನಂಬಿದರೆ ನೀಲಿ, ಬಿಳಿ ನೂಲು ಕೆಳಗಿನ ತೋಟದ ಬಸಿಗಾಲುವೆಯ ತುಂಬ.

ನಡುವಿನ ಐದಡಿ ಭಾಗವನ್ನು ಅರ್ಧ ಅಡಿ ತಗ್ಗಿಸಿ ಕೋಡಿ ಬಿಡಬೇಕು. ಹೆಚ್ಚಾದ ನೀರು ನಡುವಿನಿಂದ ಬಿದ್ದರೆ ದಂಡೆ ಉಳಿಯುತ್ತದೆ. ಕೋಡಿ ಬೀಳುವ ಜಾಗದಲ್ಲಿ ಚಪ್ಪಟೆ ಕಲ್ಲು ಹಾಸದಿದ್ದರೆ ನೀರು ಗುಂಡಿ ತೋಡಿ ಒಡ್ಡಿನ ಬುಡವನ್ನೇ ಅಲ್ಲಾಡಿಸುತ್ತದೆ.

ಒಡ್ಡು ತುಂಬಿದ ಮೇಲೆ ಸ್ವಲ್ಪ ಜಿನುಗುವುದು ಸಹಜ. ತಿಳಿನೀರು ಜಿನುಗಿದರೆ ಚಿಂತೆಯಿಲ್ಲ, ರಾಡಿ ನೀರು ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ, ಆ ದಿನವೇ ನೋಡಬೇಕು. ಸೋರುವ ಬಾಯಿಯನ್ನು ಕೆಳಬದಿಯಲ್ಲಿ ಮುಚ್ಚಬಾರದು. ಒತ್ತಡ ಹೆಚ್ಚಾಗಿ ನೀರು ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಮೇಲ್ಬದಿಯಲ್ಲಿ ನೀರು ಒಳಹೋಗುವ ಜಾಗ ಹುಡುಕಲು ನಿಂತ ನೀರಿನ ಮೇಲೆ ಒಂದು ಹಿಡಿ ತೌಡು ಚೆಲ್ಲಿ ಸುಮ್ಮನೆ ನೋಡುತ್ತಿರಿ. ತೌಡು ನಿಧಾನವಾಗಿ ಒಂದು ಕಡೆಗೆ ಎಳೆದುಕೊಂಡು ಹೋಗಿ, ಸಣ್ಣಗೆ ಸುತ್ತಿ, ಮುಳುಗುತ್ತದೆ. ಅಲ್ಲಿ ಬೈಹುಲ್ಲು ಸೇರಿಸಿ ಕಲಸಿದ ಜೇಡಿಯ ಉಂಡೆಯನ್ನು ಕಾಲಿನಿಂದ ಒತ್ತಿ ತುರುಕಿದರೆ ಆಯಿತು. ಬಹಳ ಸಲ ಇದು ಏಡಿ ತೋಡಿದ ಬಿಲವೇ ಆಗಿರುತ್ತದೆ. ಏಡಿ ಕಾಟ ಇದ್ದಲ್ಲಿ ಮಣ್ಣಿನ ಮೇಲ್ಬದಿಗೆ ಒಡೆದ ಹಂಚು, ಚರಳುಕಲ್ಲು ಒತ್ತಾಗಿ ಸಿಕ್ಕಿಸುವುದುಂಟು.

ಇನ್ನೊಂದು ಮಾತು, ಇದು ಜಗಳದ ಮಾತು. ಕೋಡಿ ಬೀಳದಂತೆ ಎತ್ತರಿಸಿ, ಇಡೀ ಹಳ್ಳವನ್ನು ತನ್ನ ಹೊಂಡಕ್ಕೆ ತಿರುಗಿಸಿಕೊಳ್ಳುವವರಿದ್ದಾರೆ. ಕೆಳಗಿನವರಿಗೆ ಪಾಲು ಬಿಡಬೇಕು ಎಂಬುದು ಬರೀ ಧರ್ಮದ ಮಾತಲ್ಲ. ಒಂದೇ ಹಳ್ಳಕ್ಕೆ ಮೇಲಿಂದ ಕೆಳಗೆ ಐದಾರು ಗಿಡ್ಡ ಒಡ್ಡು ಇದ್ದರೆ ಎಲ್ಲರ ಬಾವಿಯೂ ಏರುತ್ತದೆ. ಒಂದೇ ಎತ್ತರದ ಒಡ್ಡು ಒಬ್ಬನ ಬಾವಿಗಷ್ಟೇ. ಮೇಲಾಗಿ ಎತ್ತರ ಹೆಚ್ಚಿದಷ್ಟೂ ಒಡೆಯುವ ಅಪಾಯವೂ ಹೆಚ್ಚು.

ಮೇಲಿನ ಬೆಟ್ಟ, ಕೆಳಗಿನ ಜೆಸಿಬಿ

ಒಡ್ಡು ಎಷ್ಟೇ ಚೆನ್ನಾಗಿದ್ದರೂ ಮೇಲಿನಿಂದ ನೀರು ಬರಬೇಕಲ್ಲ. ಇಲ್ಲಿನ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ಬಂದದ್ದು, ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ. ಕಾಗದದಲ್ಲಿ ಅದು ಸೊಪ್ಪು, ದರಕಿನ ಹಕ್ಕು. ನಿಜವಾಗಿ ನೋಡಿದರೆ ಹಳ್ಳದ ತಲೆಯ ಮೇಲಿನ ಮಾಡು ಅದು. ದರಕನ್ನು ಪೂರ್ತಿ ಗುಡಿಸಿ ನೆಲ ಬೋಳು ಮಾಡಿದ ಬೆಟ್ಟದಲ್ಲಿ ಮೊದಲ ಮಳೆಗೇ ಮಣ್ಣಿನ ಮೇಲ್ಪದರ ಬಿಗಿದು ನೀರು ಜಾರಿ ಹೋಗುತ್ತದೆ. ಮಳೆ ನಿಂತ ಮೂರನೇ ದಿನಕ್ಕೆ ಹಳ್ಳ ತಿಳಿಯಾಗಿ ತೆಳ್ಳಗಾದರೆ ಮೇಲೆ ಇಂಗಿಲ್ಲ ಎಂದು ಅರ್ಥ. ಹಳ್ಳದ ಉಗಮದಿಂದ ಇನ್ನೂರು ಮುನ್ನೂರು ಅಡಿ ಸುತ್ತ ದರಕು ಮುಟ್ಟದೆ ಬಿಡುವುದು, ಉಳಿದ ಕಡೆ ಒಂದು ವರ್ಷ ಬಿಟ್ಟು ಒಂದು ವರ್ಷ ತರುವುದು ಕೈಲಾಗದ ಕೆಲಸವೇನಲ್ಲ.

ಭಾರತೀಯ ವಿಜ್ಞಾನ ಸಂಸ್ಥೆಯವರು ಉತ್ತರ ಕನ್ನಡದ ಹಳ್ಳಗಳನ್ನು ಅಧ್ಯಯನ ಮಾಡಿ ಹೇಳಿರುವುದೂ ಇದನ್ನೇ. ಜಲಾನಯನದಲ್ಲಿ ಸ್ಥಳೀಯ ಜಾತಿಯ ಕಾಡು ಶೇಕಡ 60ಕ್ಕಿಂತ ಹೆಚ್ಚಿದ್ದಲ್ಲಿ ಹಳ್ಳ ಹನ್ನೆರಡೂ ತಿಂಗಳು ಹರಿಯುತ್ತದೆ, ಕಾಡು ಕಳೆದಲ್ಲಿ, ನೆಡುತೋಪು ಬಂದಲ್ಲಿ ಮಳೆಗಾಲದ ಹಳ್ಳವಾಗುತ್ತದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಏಪ್ರಿಲ್‌ನಲ್ಲಿ ಹೋದರೂ ರಾಮಪತ್ರೆ ಜಡ್ಡಿಯಲ್ಲಿ (ರಾಮಪತ್ರೆ ಮರಗಳ ಜೌಗು ಕಾಡು) ಕಾಲು ಹುಗಿಯುತ್ತದೆ. ಕೆಸರಿನಿಂದ ಮೊಣಕಾಲಿನಂತೆ ಬಾಗಿ ಮೇಲೆದ್ದ ಆ ಬೇರುಗಳನ್ನು ಒಮ್ಮೆ ನೋಡಿ ಬಂದರೆ ಕಾನು, ಅಂದರೆ ಆ ದಟ್ಟ ಹಸಿರು ಕಾಡು, ನೀರನ್ನು ಹೇಗೆ ಹಿಡಿಯುತ್ತದೆ ಎಂದು ಯಾರೂ ವಿವರಿಸಬೇಕಾಗಿಲ್ಲ.

ಕೆಳಗೆ ಇನ್ನೊಂದು ಪಿಡುಗು. ಮಳೆಗಾಲದಲ್ಲಿ ತೋಟಕ್ಕೆ ನೀರು ನುಗ್ಗಿತು ಎಂದು ಬೇಸಿಗೆಯಲ್ಲಿ ಜೆಸಿಬಿ ತಂದು ಹಳ್ಳವನ್ನು ಎರಡು ಮೂರು ಅಡಿ ಆಳ ಮಾಡಿ, ಡೊಂಕು ತೆಗೆದು ನೇರ ಮಾಡುತ್ತಾರೆ. ಒಂದು ದಿನದ ಕೆಲಸ, ನೋಡಲು ಚಂದ. ಹಳ್ಳದ ತಳ ಎರಡಡಿ ಇಳಿದರೆ ದಂಡೆಯ ಅಂತರ್ಜಲವೂ ಅದರ ಹಿಂದೆಯೇ ಇಳಿಯುತ್ತದೆ. ಮರುವರ್ಷ ಫೆಬ್ರವರಿಯಲ್ಲಿ ಬಾವಿ ತಳ ಕಂಡಾಗ ಕೊಳವೆಬಾವಿಯವನಿಗೆ ಫೋನು. ಡೊಂಕು ತೆಗೆದ ಹಳ್ಳದಲ್ಲಿ ನೀರಿನ ರಭಸ ಹೆಚ್ಚಿ ದಂಡೆ ಕುಸಿಯುತ್ತದೆ. ಮುಂಡಿಗೆ, ವಾಟೆ, ಲಕ್ಕಿ ಎಲ್ಲ ಕಿತ್ತುಹೋದ ಮೇಲೆ ಹಿಡಿದಿಡಲು ಬೇರೂ ಇರುವುದಿಲ್ಲ. ಹೂಳು ತೆಗೆಯಲೇಬೇಕಾದರೆ ಮೂಲ ತಳ ಸಿಕ್ಕ ಕೂಡಲೇ ನಿಲ್ಲಿಸಬೇಕು, ಒಂದು ದಂಡೆಯ ಗಿಡಗಳನ್ನಾದರೂ ಮುಟ್ಟಬಾರದು, ತೆಗೆದ ಮಣ್ಣನ್ನು ದಂಡೆಯ ಮೇಲೆ ಸುರಿಯಬಾರದು. ಜೂನ್‌ನಲ್ಲಿ ಅದೇ ಮಣ್ಣು ಅದೇ ಹಳ್ಳಕ್ಕೆ ವಾಪಸು.

ನೀರು ಇಳಿದಾಗಿನ ದೇವರು

ಇಲ್ಲಿನ ಹಬ್ಬಗಳು ಹಳ್ಳದ ಮಟ್ಟ ನೋಡಿಕೊಂಡೇ ಬಂದಂತಿವೆ. ಒಡ್ಡು ಕಟ್ಟುವ ದಿನ ದಂಡೆಯ ಚೌಡಿಗೋ ಜಟಕನಿಗೋ ಒಂದು ಕಾಯಿ ಒಡೆದೇ ಹಾರೆ ಹಿಡಿಯುವುದು. ಕಲ್ಲಿಗೆ ಕುಂಕುಮ, ಎರಡು ಕೇಪಳ ಹೂ, ಅದಕ್ಕಿಂತ ಹೆಚ್ಚಿನ ಆಡಂಬರ ಇಲ್ಲ.

ಶಿವರಾತ್ರಿಗೆ ಸಹಸ್ರಲಿಂಗ. ಶಿರಸಿಯಿಂದ ಯಲ್ಲಾಪುರ ದಾರಿಯಲ್ಲಿ ಹದಿನೈದು ಕಿ.ಮೀ. ಆಸುಪಾಸು, ಶಾಲ್ಮಲೆಯ ಪಾತ್ರದ ಬಂಡೆಗಳ ಮೇಲೆಲ್ಲ ಲಿಂಗ, ಅವಕ್ಕೆದುರಾಗಿ ನಂದಿ. ಸೋದೆಯ ಅರಸ ಸದಾಶಿವರಾಯನ ಕಾಲದ್ದು (1678–1718) ಎನ್ನುತ್ತದೆ ಇತಿಹಾಸ. ಮಳೆಗಾಲದಲ್ಲಿ ಇವು ನೀರಿನಡಿ. ಮಾಘ ಬಹುಳ ಚತುರ್ದಶಿಗೆ ನೀರು ಇಳಿದು, ಬಂಡೆ ಒಣಗಿ, ಪಕ್ಕದಲ್ಲೇ ತಂಬಿಗೆ ಅದ್ದಲು ನೀರೂ ಉಳಿದಿರುತ್ತದೆ. ಪುರೋಹಿತರಿಲ್ಲದೆ, ಗರ್ಭಗುಡಿಯ ಹೊಸ್ತಿಲಿಲ್ಲದೆ ಯಾರು ಬೇಕಾದರೂ ತಮ್ಮ ಕೈಯಿಂದಲೇ ಲಿಂಗಕ್ಕೆ ನೀರೆರೆಯುವ ಹಬ್ಬ ಇದು. ಹೊಳೆ ತುಂಬಿದ್ದರೆ ಹತ್ತಿರ ಹೋಗಲಾಗದು, ಪೂರ್ತಿ ಒಣಗಿದ್ದರೆ ಎರೆಯಲು ನೀರಿಲ್ಲ. ನೋಡಲು ಹೋಗುವವರು ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಹೋಗಬೇಕು. ಅಕ್ಟೋಬರ್ ರಜೆಯಲ್ಲಿ ಬಂದು ಪಾಚಿ ಬಂಡೆಯ ಮೇಲೆ ಚಪ್ಪಲಿ ಹಾಕಿ ನಡೆಯುವವರನ್ನು ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ನೀರು ತಿಳಿಯಾಗಿ ಕಂಡಲ್ಲೂ ಬಂಡೆಗಳ ನಡುವೆ ಆಳವಿದೆ. ಹತ್ತಿದ ಕರ್ಪೂರ, ಹೂವಿನ ಪ್ಲಾಸ್ಟಿಕ್ ಚೀಲ ಅಲ್ಲೇ ಬಿಟ್ಟು ಬರುವ ಭಕ್ತಿಯ ಬಗ್ಗೆ ಬೇರೆಯೇ ಬರೆಯಬೇಕು.

ಅದೇ ಶಾಲ್ಮಲೆಯಲ್ಲಿ ಇನ್ನೂ ಕೆಳಗೆ ಗಣೇಶಪಾಲದ ಗಣಪತಿ ಹೊಳೆಯ ನಡುವೆಯೇ ಕೂತಿದ್ದಾನೆ. ಅವನ ಪೂಜೆಗೂ ನೀರು ಇಳಿಯಬೇಕು. ಘಟ್ಟದ ಕೆಳಗೆ, ಗಂಗಾವಳಿ ಸಮುದ್ರ ಸೇರುವಲ್ಲಿ, ದೀಪಾವಳಿಯ ನರಕ ಚತುರ್ದಶಿಗೆ ಗೋಕರ್ಣದ ಮಹಾಬಲೇಶ್ವರನಿಗೂ ಗಂಗೆಗೂ ಮದುವೆ. ಘಟ್ಟದ ಮೇಲಿನ ಮನೆಗಳಲ್ಲಿ ಅದೇ ಹೊತ್ತಿಗೆ ಹಂಡೆಗೆ ನೀರು ತುಂಬುವ ಹಬ್ಬ.

ಮಡು, ಮೀನು, ಮೊದಲ ಮಳೆ

ಏಪ್ರಿಲ್ ಹೊತ್ತಿಗೆ ಹರಿವು ನಿಂತು ಮಡುಗಳಷ್ಟೇ ಉಳಿಯುತ್ತವೆ. ಬರುವ ವರ್ಷದ ಮೀನೆಲ್ಲ ಇರುವುದು ಈ ನಾಲ್ಕಾರು ಗುಂಡಿಗಳಲ್ಲಿ. ಪಂಪಿಟ್ಟು ಬತ್ತಿಸಿ ಬಾಚಿದರೆ, ತೋಟೆ (ಸಿಡಿಮದ್ದು) ಹೊಡೆದರೆ, ಬ್ಲೀಚಿಂಗ್ ಪುಡಿ ಸುರಿದರೆ ಆ ಹಳ್ಳದ ಮೀನು ಮುಗಿಯಿತು. ಹಿಂದೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು. ಅದೂ ವಿಷವೇ, ಆದರೆ ಒಂದು ಗುಂಡಿಯಾಚೆ ಅದರ ಜೋರು ಅಷ್ಟಿರುತ್ತಿರಲಿಲ್ಲ.

ಮೇ 20ರ ಸುಮಾರಿಗೆ ಒಡ್ಡು ಬಿಚ್ಚಬೇಕು. ಮೃಗಶಿರ ಹುಟ್ಟುವ ಜೂನ್ 8ರವರೆಗೆ ಕಾಯುವುದು ಜೂಜು. ‘ಮಳೆಯೇ ಒಯ್ಯುತ್ತದೆ ಬಿಡು’ ಎಂದು ಬಿಟ್ಟ ಒಡ್ಡನ್ನು ನೀರು ಒಯ್ಯುವುದಿಲ್ಲ. ಅದಕ್ಕೆ ಕಸ, ಸೋಗೆ, ಕೊಂಬೆ ಸಿಕ್ಕಿ ಇನ್ನಷ್ಟು ಗಟ್ಟಿಯಾಗಿ, ನೀರು ದಂಡೆ ಕೊರೆದು ಪಕ್ಕದಿಂದ ದಾರಿ ಮಾಡಿಕೊಳ್ಳುತ್ತದೆ. ತೋಟದ ಅಂಚಿನ ಒಂದು ಸಾಲು ಅಡಿಕೆ ಮರ ಆ ರಾತ್ರಿಯೇ ಹಳ್ಳಕ್ಕೆ. ಬಿಚ್ಚುವುದು ಕೋಡಿಯಿಂದ ಶುರು, ದಿನಕ್ಕೆ ಒಂದಡಿ. ಕಲ್ಲುಗಳನ್ನು ಪ್ರವಾಹದ ಗುರುತಿಗಿಂತ ಮೇಲೆ ಒಟ್ಟಿಡಬೇಕು. ಮುಂದಿನ ನವೆಂಬರ್‌ಗೆ ಅರ್ಧ ಕೆಲಸ ಅಲ್ಲೇ ಉಳಿಯಿತು. ಚೀಲವಾದರೆ ಮಣ್ಣು ಸುರಿದು, ಚೀಲವನ್ನು ಮನೆಗೆ ತರಬೇಕು.

ಮೊದಲ ಜೋರು ಮಳೆಗೆ ಹಳ್ಳ ಕೆಂಪಗೆ ಬಂದ ರಾತ್ರಿ ಮೀನು ಹತ್ತುತ್ತದೆ. ಮೊಟ್ಟೆಯಿಡಲು ನೀರಿಗೆದುರಾಗಿ ಗದ್ದೆಯವರೆಗೂ ಏರುವ ಹತ್ತುಮೀನಿಗೆ ಕೂಣಿ ಒಡ್ಡುವುದು ಮಲೆನಾಡಿನ ಹಳೇ ಉತ್ಸಾಹ. ಬಿದಿರು ಸೀಳಿನ ಕೂಣಿಯ ಬಾಯಲ್ಲಿ ಕಡ್ಡಿಗಳು ಒಳಮುಖವಾಗಿ ಬಾಗಿರುತ್ತವೆ, ಒಳಹೊಕ್ಕ ಮೀನಿಗೆ ಹೊರದಾರಿಯಿಲ್ಲ. ಕೂಣಿ ಇಡುವವರಿಗೆ ಒಂದೇ ಕೋರಿಕೆ: ಹಳ್ಳದ ಪೂರ್ತಿ ಅಗಲಕ್ಕೆ ತಡಿಕೆ ಕಟ್ಟಬೇಡಿ. ಅರ್ಧ ಬಿಡಿ, ಮೊದಲ ಎರಡು ರಾತ್ರಿ ಪೂರ್ತಿ ಬಿಡಿ. ಸಿಮೆಂಟಿನ ಕಾಯಂ ಒಡ್ಡುಗಳಿಗೆ ಹಲಗೆ ತೆಗೆಯದೆ ಬಿಟ್ಟರೆ ಮೀನಿಗೆ ದಾರಿಯೇ ಇಲ್ಲ, ಹಲಗೆ ಹಾಕಿ ತೆಗೆಯುವ ಇಂಥ ಕಿಂಡಿ ಅಣೆಕಟ್ಟಿನ ಉಸ್ತುವಾರಿ ಯಾರದ್ದು ಎಂಬುದು ಹೆಚ್ಚಿನ ಊರುಗಳಲ್ಲಿ ಮೇ ತಿಂಗಳವರೆಗೂ ಇತ್ಯರ್ಥವಾಗಿರುವುದಿಲ್ಲ.

ಸಂಕ

ಜೂನ್‌ಗೆ ಮೊದಲು ಆಗಬೇಕಾದ ಇನ್ನೊಂದು ಕೆಲಸ ಕಾಲುಸಂಕ, ಅಂದರೆ ಹಳ್ಳ ದಾಟುವ ಮರದ ಕಾಲುಸೇತುವೆ. ಶಾಲೆಗೆ ಹೋಗುವ ಮಕ್ಕಳಿರುವ ಕೇರಿಗಳಿಗೆ ಸರ್ಕಾರದ ‘ಶಾಲಾ ಸಂಪರ್ಕ ಸೇತು’ ಬಂದಿದೆ, ಎಲ್ಲ ಹಳ್ಳಕ್ಕೂ ಬಂದಿಲ್ಲ. ಹದಿನೈದು ಅಡಿಯೊಳಗಿನ ಹಳ್ಳಕ್ಕೆ ಅಡಿಕೆ ಮರ ಸಾಕು, ಅದಕ್ಕಿಂತ ಅಗಲವಿದ್ದರೆ ಬೈನೆ ಮರ. ಎರಡನ್ನೂ ಸೀಳಿ ಹಾಕುವಾಗ ಗಟ್ಟಿ ಬೆನ್ನು ಮೇಲಿರಬೇಕು. ತಿರುಳಿನ ಬದಿ ಮೇಲಾದರೆ ನೀರು ನಿಂತು ಆಗಸ್ಟ್‌ಗೇ ಮೆತ್ತಗಾಗುತ್ತದೆ. ಅಡಿಕೆ ಸಂಕವನ್ನು ಎರಡನೇ ಮಳೆಗಾಲಕ್ಕೆ ನಂಬಬಾರದು. ಮೇಲಿಂದ ಗಟ್ಟಿ ಕಂಡರೂ ಕತ್ತಿಯ ತುದಿ ಚುಚ್ಚಿ ನೋಡಿ, ಅರ್ಧ ಇಂಚು ಸಲೀಸಾಗಿ ಇಳಿದರೆ ಬದಲಿಸಿ.

ಎತ್ತರ ಎಷ್ಟಿರಬೇಕು ಎಂದು ಹಳ್ಳವೇ ಹೇಳುತ್ತದೆ. ದಂಡೆಯ ಪೊದೆಗಳಲ್ಲಿ ಕಳೆದ ವರ್ಷದ ಸೋಗೆ ಚೂರು, ಕಸ ಸಿಕ್ಕಿಕೊಂಡ ಗೆರೆ ಇರುತ್ತದೆ. ಅದಕ್ಕಿಂತ ಎರಡಡಿ ಮೇಲೆ. ನಡೆಯುವ ಕಡೆ ಅಡ್ಡಡ್ಡ ಬಿದಿರು ಸೀಳನ್ನು ಗೇಣಿಗೊಂದರಂತೆ ಬಿಗಿದರೆ ಪಾಚಿಗೆ ಜಾರುವುದು ತಪ್ಪುತ್ತದೆ. ಕೈಗೆ ಆಸರೆ ಒಂದು ಬದಿಗಾದರೂ ಬೇಕು. ಕಟ್ಟುವಾಗ ಒಂದು ತುದಿಯನ್ನು ಮಾತ್ರ ದಪ್ಪ ಹಗ್ಗದಲ್ಲಿ ದಂಡೆಯ ಮರಕ್ಕೆ ಬಿಗಿಯಬೇಕು. ಪ್ರವಾಹಕ್ಕೆ ಸಂಕ ಎದ್ದರೆ ಬಾಗಿಲು ತೆರೆದಂತೆ ತಿರುಗಿ ದಂಡೆಗೆ ಒರಗುತ್ತದೆ, ನೀರು ಇಳಿದ ಮೇಲೆ ಎಳೆದು ಕೂರಿಸಬಹುದು. ಎರಡೂ ತುದಿ ಕಟ್ಟಿದರೆ ಕಸವೆಲ್ಲ ಸಿಕ್ಕಿ ಮುರಿದೇ ಹೋಗುತ್ತದೆ.

ಮಳೆಗಾಲದ ನಡುವೆ ಹಳ್ಳಕ್ಕೆ ಬೀಳುವ ಇನ್ನೊಂದು ಪೆಟ್ಟು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯದು. ಶೇಕಡ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಹೊಡೆದು ಮುಗಿದ ಮೇಲೆ ಡ್ರಮ್ಮು, ಪೈಪು ತೊಳೆಯುವುದು ಹಳ್ಳದಲ್ಲೇ. ತಾಮ್ರ ಮೀನಿಗೂ ಕಪ್ಪೆ ಮರಿಗೂ ವಿಷ. ತೊಳೆದ ನೀರನ್ನು ಹಳ್ಳದಿಂದ ದೂರದ ಬೆಟ್ಟದ ಬದಿಯಲ್ಲಿ ಗುಂಡಿಗೆ ಸುರಿಯುವುದು ಐದು ನಿಮಿಷದ ಕೆಲಸ. ಚೌತಿಯ ಗಣಪತಿಯನ್ನು ಬಿಡುವುದೂ ಇದೇ ನೀರಿಗೆ. ಜೇಡಿಮಣ್ಣಿನ ಬಣ್ಣವಿಲ್ಲದ ಮೂರ್ತಿಯಾದರೆ ಬೇಗನೆ ಕರಗುತ್ತದೆ. ಆ ಹೊತ್ತಿಗೆ ಸಾಮಾನ್ಯವಾಗಿ ಹುಬ್ಬೆಯೋ ಉತ್ತರೆಯೋ ಮಳೆ ನಡೆಯುತ್ತಿರುತ್ತದೆ, ಸೆಳವು ಜೋರು. ಮಡುವಿಗೆ ಇಳಿಯುವ ಬದಲು ಹಳ್ಳ ಅಗಲವಾಗಿ, ಮೊಣಕಾಲುದ್ದ ಹರಿಯುವ ಕಡೆ ಬಿಡಬೇಕು, ಮಕ್ಕಳನ್ನು ದಂಡೆಯ ಮೇಲೇ ನಿಲ್ಲಿಸಬೇಕು, ಹೂವು ಹಾರ ತೋಟದ ಗೊಬ್ಬರ ಗುಂಡಿಗೆ.